ಓಂ ಬೀಚಿನ ಕಾಲುದಾರಿ

ಕಮರಿಪೇಟೆಯ ಸಾವಜಿ ಖಾರ ಉಂಡವನಿಗೆ ಕಡಲ ಗಾಳಿಯ ಸುಖ ಬೇರೆ ಹೇಳಬೇಕೆ? ಹುಬ್ಬಳ್ಳಿಯಿಂದ ಗೋಕರ್ಣ ಸುಮಾರು 150 ಕಿ.ಮೀ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲೆ. ಅಲ್ಲಿಂದ ಮುಂದೆ ದೂರವಿಲ್ಲ.

ನಾವು ನಾಲ್ವರು ಪ್ಯಾಟಿ ಹುಡುಗರು ಮಹಾಬಲೇಶ್ವರನಿಗೆ ಕೈಮುಗಿದು ನಡೆದೇ ಹೊರಟೆವು. ಕಲ್ಲುಗುಡ್ಡ ಹತ್ತಿ ಇಳಿದರೆ ಕುಡ್ಲೆ. ಇನ್ನೊಂದು ಗುಡ್ಡದಾಚೆ ಓಂ ಬೀಚು. ಬಾಗಿದ ಎರಡು ದಂಡೆಗಳು ನಡುವಿನ ಬಂಡೆಗೆ ಕೂಡಿ ಓಂಕಾರದ ಹಾಗೇ ಕಾಣುತ್ತವೆ. ಗುಡ್ಡದ ಮೇಲಿಂದಲೇ ನೋಡಬೇಕು! ಮುಂದೆ ಹಾಫ್ ಮೂನ್, ಪ್ಯಾರಡೈಸ್. ಎಡಕ್ಕೆ ಕಾಡುಗುಡ್ಡ, ಬಲಕ್ಕೆ ಕಡಲು. ದಾರಿ ಅಂಥ ಕಷ್ಟದ್ದಲ್ಲ.

ಕಷ್ಟ ಇರುವುದು ದಾರಿ ಬಿಟ್ಟವನಿಗೆ. ನಮ್ಮವನೊಬ್ಬ ಫೋಟೋಕ್ಕೆಂದು ಕೆಳಗಿನ ಬಂಡೆಗೆ ಇಳಿದು ಕೈಕಟ್ಟಿ ನಿಂತ. ಥೇಟ್ ವಿಷ್ಣುವರ್ಧನ್ ಪೋಸು!

"ತಮಾ, ಮೇಲೆ ಬಾ. ಪಾಚಿಕಲ್ಲು ಅದು" ಎಂದರು ಬಲೆ ಹೊತ್ತ ಮುದುಕರೊಬ್ಬರು.

"ಏನೂ ಆಗೂದಿಲ್ಲ ಬಿಡ್ರಿ ಅಜ್ಜಾರ."

ಅಷ್ಟರಲ್ಲೇ ತೆರೆಯೊಂದು ಬಡಿದು ಅವನನ್ನು ಕೆಡವಿತು. ಮುದುಕರು ಇಳಿದು ರಟ್ಟೆ ಹಿಡಿದು ಎಳೆಯದಿದ್ದರೆ ನಾವು ಮೂವರೇ ಊರಿಗೆ ಮರಳಬೇಕಿತ್ತು. ಈ ದಂಡೆಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡ ಪ್ರವಾಸಿಗರು ಒಬ್ಬಿಬ್ಬರಲ್ಲ.

ತೆರೆಯ ಮೇಲೆ ಹೀರೋ ಜಿಗಿದರೆ ಕೆಳಗೆ ಬಲೆ ಇರುತ್ತದೆ, ಡ್ಯೂಪ್ ಇರುತ್ತಾನೆ. ಕಡಲಲ್ಲಿ ರೀಟೇಕ್ ಎಲ್ಲಿಯದು? 2022ರಲ್ಲಿ ತೆರೆಕಂಡ 'ಗಂಧದ ಗುಡಿ' ನೋಡಿದ್ದೀರಲ್ಲ? ಅದರಲ್ಲಿ ನಮ್ಮ ಅಪ್ಪು ಹೀರೋ ಆಗಿ ಬರುವುದಿಲ್ಲ; ಅಪ್ಪುವಾಗಿಯೇ ಕಾಡು-ಕಡಲು ಸುತ್ತುತ್ತಾರೆ.

ಮಳೆಗಾಲ ಬಿಟ್ಟು ಹೋಗಿ. ನೀರು ಒಯ್ಯಿರಿ, ಖಾಲಿ ಬಾಟಲಿ ವಾಪಸು ತನ್ನಿ. ಕೆಂಪು ಬಾವುಟ ಕಂಡಲ್ಲಿ ನೀರಿಗೆ ಇಳಿಯಬೇಡಿ. ಹೊತ್ತು ಮುಳುಗುವ ಮುನ್ನ ಊರು ಸೇರಿರಿ.