ಆಪ್ತವಾಕ್ಯವೂ ವಿದ್ಯುತ್ ಕಂಬವೂ

ಬೈಲಹೊಂಗಲದ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ‘ಕಂಪನಿ’ ಎಂಬ ಶಬ್ದಕ್ಕೆ ಒಂದೇ ಅರ್ಥವಿದ್ದಿತು: 1824ರಲ್ಲಿ ಕಿತ್ತೂರಿನ ಮೇಲೆ ಏರಿಬಂದ ಕಂಪನಿ. ಚೆನ್ನಮ್ಮರಾಣಿಯು ಸೆರೆಯಲ್ಲಿ ದೇಹವಿಟ್ಟ ಊರಿದು. ಆದುದರಿಂದ 2002ರಲ್ಲಿ, ಲೈನ್‌ಮನ್ ಆಗಿದ್ದ ನನ್ನ ತಮ್ಮನು “ಅಣ್ಣಾ, ಇನ್ನ ನಾವೂ ಕಂಪನಿ ಮಂದಿ” ಎಂದಾಗ ನಗೆಯೊಡನೆ ತುಸು ಕಸಿವಿಸಿಯೂ ಆಯಿತು. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿಯು 1999ರಲ್ಲಿ ನಿಗಮವಾಗಿ, ಮೂರು ವರ್ಷಗಳ ತರುವಾಯ ನಮ್ಮ ಸೀಮೆಯ ಪಾಲಿಗೆ ಹುಬ್ಬಳ್ಳಿಯ ಹೆಸ್ಕಾಂ ಕಂಪನಿಯಾಯಿತು. ಒಡೆತನವು ಸರಕಾರದ್ದೇ, ಕೆಲಸದ ರೀತಿ ಮಾತ್ರ ಮೆಲ್ಲಮೆಲ್ಲನೆ ಬದಲಾಯಿತು.

ತಮ್ಮನ ತಲೆಮಾರಿನವರು ಒಬ್ಬರ ಮಾತನ್ನೊಬ್ಬರು ನಂಬಿ ಬಾಳಿದವರು. ಉಪಕೇಂದ್ರದಲ್ಲಿ ಕುಳಿತ ಹಿರಿಯನು ಟೆಲಿಫೋನಿನಲ್ಲಿ “ಲೈನ್ ತಗದೇನಿ, ಏರೋ ತಮ್ಮಾ” ಎಂದರೆ, ಇವನು ಸವದತ್ತಿಯ ಯಲ್ಲಮ್ಮನನ್ನು ನೆನೆದು ಕಂಬವೇರುವನು. ಈಗ ಅವನ ಮಗನು ಅದೇ ಕೆಲಸದಲ್ಲಿದ್ದಾನೆ. ಹುದ್ದೆಯ ಹೆಸರು ಪವರ್‌ಮನ್. ಅವನು ಲೈನ್ ಕ್ಲಿಯರ್ ಬರೆಯಿಸಿ, ನಂಬರು ಪಡೆದು, ಟೆಸ್ಟರಿನಿಂದ ತಂತಿಯನ್ನು ಪರೀಕ್ಷಿಸಿ, ಅರ್ಥಿಂಗ್ ಕೊಟ್ಟ ಮೇಲೆಯೇ ಏರುವನು. “ಮನಿಷ್ಯಾನ ಮಾತಿಗೆ ಕಿಮ್ಮತ್ತಿಲ್ಲದಂಗಾತು” ಎಂದು ತಮ್ಮನ ಹಳಹಳಿ.

ಒಂದು ಮಳೆಗಾಲದ ರಾತ್ರಿ ನಮ್ಮ ಓಣಿಯ ಹಿಂದೆ 11 ಕೆ.ವಿ. ತಂತಿ ಹರಿಯಿತು. ಲೈನ್ ಕ್ಲಿಯರ್ ಬಂದಿತು. ಆದರೂ ಜೊತೆಗಾರನು ಟೆಸ್ಟರು ತರುವ ತನಕ ಹುಡುಗನು ಏರಲೊಲ್ಲನು. ಕತ್ತಲೆಯಲ್ಲಿ ನಿಂತ ಜನರು ಗೊಣಗಿದರು. ತಮ್ಮನು ನಾಚಿ ಮಗನನ್ನು ಗದರಿಸಿದನು. ಕೋಲಿನ ತುದಿಯ ಟೆಸ್ಟರನ್ನು ತಂತಿಗೆ ಹಿಡಿದೊಡನೆ ಅದು ಕೂಗಿಕೊಂಡಿತು! ಸಮೀಪದ ಗಿರಣಿಯೊಂದರಲ್ಲಿ ಮೇನ್ ತೆಗೆಯದೆ ಜನರೇಟರು ಹಚ್ಚಿದ್ದರು. ಅದರ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮೊಗವಾಗಿ ಏರಿ ಸತ್ತ ತಂತಿಗೆ ಜೀವ ತುಂಬಿದ್ದಿತು. ಉಪಕೇಂದ್ರದವನು ಸುಳ್ಳಾಡಿರಲಿಲ್ಲ, ತಾನು ಅರಿತಷ್ಟನ್ನು ಹೇಳಿದ್ದನು.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ಆಪ್ತವಾಕ್ಯವೂ ಪ್ರಮಾಣವೆಂದು ಕಲಿತಿದ್ದೆನು. ಆದರೆ ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲಿನ ಸ್ಥಾನವೇಕೆಂಬುದು ನನಗೆ ತಿಳಿದದ್ದು ಆ ಕಂಬದ ಬುಡದಲ್ಲಿ. ಒರೆಗೆ ಹಚ್ಚುವದು ಅವಿಶ್ವಾಸವಲ್ಲ. ಸತ್ಯವಂತನ ಮಾತೇ ಮತ್ತೊಬ್ಬನ ಮರಣಕ್ಕೆ ಕಾರಣವಾಗದಂತೆ ಕಾಯುವದು. ಹಾಗೆಂದು ತಮ್ಮನ ಹಳಹಳಿಯು ಪೊಳ್ಳೆನ್ನಲಾರೆನು. ನಂಬರಿನಲ್ಲಿ ‘ಏರೋ ತಮ್ಮಾ’ ಎಂಬ ಅಕ್ಕರೆಯಿಲ್ಲ.

ಆ ರಾತ್ರಿ ಮನೆಗೆ ಬರುವ ತನಕ ಅವನು ತುಟಿ ಬಿಚ್ಚಲಿಲ್ಲ. ಕಡೆಗೆ, “ಇಷ್ಟು ವರ್ಷ ನನ್ನ ಉಳಿಸಿದಾಕಿ ಆ ಯಲ್ಲಮ್ಮನೇ ಅಣ್ಣಾ” ಎಂದನು. ಈಗ ಮಗನು ಕೆಲಸಕ್ಕೆ ಹೊರಟಾಗ ಅವನು ಹೊಸ್ತಿಲ ತನಕ ಬಂದು ಒಂದೇ ಮಾತು ಕೇಳುವನು:

“ಟೆಸ್ಟರ್ ತಗೊಂಡಿ ಏನೋ ತಮ್ಮಾ?”