ಮರಳಿನ ಓಟದಲ್ಲಿ ಮನೆಯ ಪಾಲು

ಮೊರಾಕ್ಕೊದ ದಕ್ಷಿಣದಲ್ಲಿ, ಸಹಾರಾದ ಅಂಚಿನಲ್ಲಿ, 'ಮ್ಯಾರಥಾನ್ ದೆ ಸಾಬ್ಲ್' ಎಂಬ ಓಟ 1986ರಿಂದ ನಡೆದುಕೊಂಡು ಬಂದಿದೆ. ಅದಕ್ಕೆ ಎರಡು ವರ್ಷ ಮೊದಲು ಪ್ಯಾಟ್ರಿಕ್ ಬಾವರ್ ಎಂಬ ಫ್ರೆಂಚ್ ಯುವಕ ಅಲ್ಜೀರಿಯಾದ ಮರುಭೂಮಿಯಲ್ಲಿ 350 ಕಿ.ಮೀ.ಯನ್ನು ಹನ್ನೆರಡು ದಿನದಲ್ಲಿ ನಡೆದು ಮುಗಿಸಿದ್ದ. ತನಗೆ ಹಿಡಿದ ಹುಚ್ಚು ಇನ್ನೊಬ್ಬರಿಗೂ ಹಿಡಿಯಲಿ ಅನ್ನಿಸಿತೋ ಏನೋ, ಓಟ ಶುರು ಮಾಡಿದ. ಮೊದಲ ಸಲ 23 ಜನ ಬಂದರು. ಈಗ ಸಾವಿರದ ಆಸುಪಾಸು ಬರುತ್ತಾರೆ. ಒಂದು ವಾರ, ಆರು ಹಂತ, ಒಟ್ಟು ಸುಮಾರು 250 ಕಿ.ಮೀ. ಅದರಲ್ಲಿ ಒಂದು ಹಂತವೇ 80 ಕಿ.ಮೀ. ಮುಟ್ಟುವಂಥದ್ದು, ರಾತ್ರಿಯನ್ನೂ ನುಂಗುವಂಥದ್ದು. ಓಟಗಾರ ತನ್ನ ಊಟ, ಹಾಸಿಗೆ, ಔಷಧಿ, ಶಿಳ್ಳೆ, ಕನ್ನಡಿ, ವಿಷ ಹೀರುವ ಪಂಪು ಎಲ್ಲವನ್ನೂ ಬೆನ್ನಿಗೇರಿಸಿಕೊಂಡು ಓಡಬೇಕು. ಸಂಘಟಕರು ಕೊಡುವುದು ನೀರು ಮತ್ತು ರಾತ್ರಿ ಮಲಗಲು ಗುಡಾರ. ಹೊರಗಿನಿಂದ ಬೇರೆ ನೆರವು ಪಡೆದರೆ ದಂಡ. ಹೀಗಾಗಿ ಓಟ ಮುಗಿಸಿದವರ ಮಾತಿನಲ್ಲಿ 'ಯಾರ ಹಂಗೂ ಇಲ್ಲದೆ ಮುಗಿಸಿದೆ' ಎಂಬ ಸಣ್ಣದೊಂದು ಜಂಬ ತಾನಾಗಿಯೇ ಬಂದು ಕೂರುತ್ತದೆ. ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಜಂಬದ ಬಗ್ಗೆ ಇದೆ. ನಿಯಮ ಬೇರೆಯವರ ನೆರವನ್ನು ತೆಗೆದುಹಾಕಿಲ್ಲ. ಅದನ್ನು ಓಟ ಶುರುವಾಗುವ ಗೆರೆಯ ಈಚೆಗೆ, ಕ್ಯಾಮೆರಾ ತಲುಪದ ಜಾಗಕ್ಕೆ ಸರಿಸಿದೆ, ಅಷ್ಟೇ.

ಬೆನ್ನ ಮೇಲಿನ ಚೀಲವನ್ನೇ ನೋಡಿ. ನೀರು ಬಿಟ್ಟು ಅದರ ತೂಕ 6.5 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ, 15 ಕೆ.ಜಿ. ಮೀರುವಂತಿಲ್ಲ. ದಿನಕ್ಕೆ ಕನಿಷ್ಠ 2,000 ಕ್ಯಾಲೊರಿ ಆಹಾರ ಕಡ್ಡಾಯ. ಏಳು ದಿನಕ್ಕೆ 14,000 ಆಯಿತು. ಗ್ರಾಮಿಗೆ ಸರಾಸರಿ ಐದು ಕ್ಯಾಲೊರಿ ಹಿಡಿದರೂ ಊಟವೇ 2.8 ಕೆ.ಜಿ. ಕೊಬ್ಬಿನಲ್ಲಿ ಗ್ರಾಮಿಗೆ ಒಂಬತ್ತು ಕ್ಯಾಲೊರಿ, ಪಿಷ್ಟದಲ್ಲಿ ನಾಲ್ಕೇ. ಆದ್ದರಿಂದ ಬಾದಾಮಿ, ಕಡಲೆಬೀಜಕ್ಕೆ ಇಲ್ಲಿ ಎಲ್ಲಿಲ್ಲದ ಮರ್ಯಾದೆ. ಈ ಲೆಕ್ಕ ನಡೆಯುವುದು ಮರಳಿನ ಮೇಲಲ್ಲ, ಅಡುಗೆಮನೆಯ ಕಟ್ಟೆಯ ಮೇಲೆ. ತಕ್ಕಡಿ ಹೊರಬರುತ್ತದೆ, ಪೊಟ್ಟಣಗಳ ರಟ್ಟು ಕಿತ್ತು ಒಳಗಿನದನ್ನು ತೆಳ್ಳನೆಯ ಚೀಲಕ್ಕೆ ಸುರಿಯಲಾಗುತ್ತದೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಲಾಗುತ್ತದೆ. ಶೂ ಇನ್ನೊಂದು ಪ್ರಕರಣ. ಶಾಖಕ್ಕೆ ಪಾದ ಊದಿಕೊಳ್ಳುವುದರಿಂದ ಒಂದು ಅಳತೆ ದೊಡ್ಡದನ್ನು ತರಬೇಕು. ಮರಳು ನುಗ್ಗದಂತೆ ಪ್ಯಾರಾಚೂಟ್ ಬಟ್ಟೆಯ ಗವಸು ತೊಡಿಸಬೇಕು. ಆ ಗವಸು ಕೂರಲು ಶೂವಿನ ಅಟ್ಟೆಯ ಸುತ್ತ ವೆಲ್ಕ್ರೊ ಪಟ್ಟಿ ಬೇಕು. ಬರೀ ಅಂಟು ಹಚ್ಚಿದರೆ ಬಿಸಿಗೆ ಬಿಟ್ಟುಕೊಳ್ಳುತ್ತದೆ, ಚಮ್ಮಾರನ ಹತ್ತಿರ ಒಯ್ದು ಸುತ್ತಲೂ ಹೊಲಿಸಿಕೊಂಡು ಬರಬೇಕು. ಆ ಹೊಲಿಗೆ ಎರಡನೆಯ ದಿನ ಬಿಚ್ಚಿತೋ, ಎಂಥ ಎದೆಗಾರಿಕೆಯೂ ಬೊಬ್ಬೆಯೆದ್ದ ಪಾದದ ಮುಂದೆ ನಿಲ್ಲುವುದಿಲ್ಲ. ತರಬೇತಿಯ ಗಂಟೆಗಳಂತೂ ಎಲ್ಲಿಂದಲೋ ಉದುರುವಂಥವಲ್ಲ. ಭಾರ ಹೊತ್ತು ನಾಲ್ಕೈದು ಗಂಟೆ ಓಡುವುದು, ಮಾರನೆಯ ದಿನ ದಣಿದ ಕಾಲಿನಲ್ಲಿ ಮತ್ತೆ ಅಷ್ಟೇ ಓಡುವುದು, ಹೀಗೆ ತಿಂಗಳುಗಟ್ಟಲೆ. ಆ ಶನಿವಾರ ಭಾನುವಾರಗಳಲ್ಲಿ ಮಕ್ಕಳನ್ನು ಹುಟ್ಟುಹಬ್ಬಕ್ಕೆ ಕರೆದೊಯ್ದವರು, ಗ್ಯಾಸ್ ಸಿಲಿಂಡರ್ ಬರುವ ಹೊತ್ತಿಗೆ ಮನೆಯಲ್ಲಿದ್ದವರು, ಆಸ್ಪತ್ರೆಗೆ ಅತ್ತೆಯ ಜೊತೆ ಹೋದವರು ಬೇರೆ ಯಾರೋ. ಚೀಲದ ತೂಕ ನೋಡುವ ಅಧಿಕಾರಿ ಇದನ್ನು ತೂಗುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ. ಯಾವ ಕೆಲಸದ ಹಿಂದೆ ಮನೆಯಿಲ್ಲ? ಪರೀಕ್ಷೆ ಬರೆದವನ ಹಿಂದೆಯೂ ಕಾಫಿ ಮಾಡಿಕೊಟ್ಟ ಅಮ್ಮ ಇರುತ್ತಾಳೆ. ಹಾಗಂತ ಅಂಕಪಟ್ಟಿಯಲ್ಲಿ ಅಮ್ಮನ ಹೆಸರು ಹಾಕುತ್ತೇವೆಯೆ? ಮಾತು ಸರಿಯೇ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಅಷ್ಟೇ ಬಿಸಿಯ, ಹೆಚ್ಚುಕಡಿಮೆ ಅಷ್ಟೇ ದೂರದ ಇನ್ನೊಂದು ಓಟದಲ್ಲಿ ನಿಯಮ ತದ್ವಿರುದ್ಧವಾಗಿದೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಜುಲೈ ತಿಂಗಳಲ್ಲಿ ನಡೆಯುವ 'ಬ್ಯಾಡ್‌ವಾಟರ್ 135' ಸಮುದ್ರಮಟ್ಟಕ್ಕಿಂತ 85 ಮೀಟರ್ ಕೆಳಗೆ ಶುರುವಾಗಿ, 217 ಕಿ.ಮೀ. ಸಾಗಿ, ವಿಟ್ನಿ ಪರ್ವತದ ಬುಡದಲ್ಲಿ ಸುಮಾರು 2,500 ಮೀಟರ್ ಎತ್ತರದಲ್ಲಿ ಮುಗಿಯುತ್ತದೆ. 48 ಗಂಟೆಯ ಗಡುವು. ಅಲ್ಲಿ ಸಹಾಯಕರ ತಂಡವಿಲ್ಲದೆ ಹೊರಡುವುದಕ್ಕೇ ಬಿಡುವುದಿಲ್ಲ. ದಾರಿಯಲ್ಲಿ ನೀರಿನ ಕಟ್ಟೆಗಳಿಲ್ಲ. ಕಾರಿನಲ್ಲಿ ಮುಂದೆ ಹೋಗಿ ನಿಂತು ಕಾಯುವ ನಾಲ್ಕು ಜನರೇ ಓಟಗಾರನ ಬಾವಿ, ಅಂಗಡಿ, ಆಸ್ಪತ್ರೆ. ಆ ನಾಲ್ವರು ಬಹಳ ಸಲ ಹೆಂಡತಿ, ಗಂಡ, ಅಣ್ಣ, ಹಳೆಯ ಗೆಳತಿ ಇಂಥವರೇ. ಎರಡೂ ಓಟಗಳನ್ನು ಅಕ್ಕಪಕ್ಕ ಇಟ್ಟರೆ ಸ್ವಾವಲಂಬನೆ ಎಂಬುದು ಮರುಭೂಮಿಯ ಗುಣವಲ್ಲ, ಆಟದ ಒಂದು ಕಟ್ಟಳೆ ಎಂದು ಗೊತ್ತಾಗುತ್ತದೆ. ಕಟ್ಟಳೆಯನ್ನು ಪಾಲಿಸಿದ್ದಕ್ಕೆ ಮೆಚ್ಚುಗೆ ಸಲ್ಲಬೇಕು. ಅದನ್ನು ಮನುಷ್ಯಸ್ವಭಾವದ ಬಗೆಗಿನ ಸತ್ಯವೆಂದು ಹೇಳಿಕೊಳ್ಳುವುದು ಬೇಡ.

ಬ್ಯಾಡ್‌ವಾಟರ್‌ನ ಸಹಾಯಕರು ಏನು ಮಾಡುತ್ತಾರೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ 'ಬೆಂಬಲ' ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಚಪ್ಪಾಳೆ, ಕೈಬರಹದ ಫಲಕ. ಅಲ್ಲಿ ಚಪ್ಪಾಳೆಗೆ ಪುರುಸೊತ್ತಿಲ್ಲ. ಐಸ್ ತುಂಬಿದ ಬಟ್ಟೆಯನ್ನು ಕತ್ತಿಗೆ ಕಟ್ಟುವುದು, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಂಥದರಿಂದ ಮೈಮೇಲೆ ನೀರು ಚಿಮುಕಿಸುವುದು, ಮತ್ತೆ ಕಾರು ಹತ್ತಿ ಮುಂದಿನ ತಿರುವಿಗೆ ಹೋಗುವುದು. ಇದಕ್ಕಿಂತ ಮುಖ್ಯವಾದದ್ದು ಪುಸ್ತಕದಲ್ಲಿ ಬರೆದುಕೊಳ್ಳುವ ಲೆಕ್ಕ: ಎಷ್ಟು ನೀರು ಕುಡಿದಾಯಿತು, ಎಷ್ಟು ಉಪ್ಪು ಹೋಯಿತು, ಮೂತ್ರ ಯಾವಾಗ ಆಯಿತು, ಬಣ್ಣ ಹೇಗಿತ್ತು. ಬಿಸಿಲಿನ ಓಟದಲ್ಲಿ ನೀರು ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಗಂಟೆಗಟ್ಟಲೆ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಬಾತು ಜೀವಕ್ಕೇ ಸಂಚಕಾರ ಬರಬಹುದೆಂಬುದು ಅಷ್ಟಾಗಿ ಗೊತ್ತಿಲ್ಲ. ಎರಡರಲ್ಲೂ ಮೊದಲು ಮಬ್ಬಾಗುವುದು ಓಟಗಾರನ ತೀರ್ಮಾನಶಕ್ತಿ. ತನಗೆ ತಲೆ ನಿಲ್ಲುತ್ತಿಲ್ಲ ಎಂದು ತಿಳಿಯಲು ಬೇಕಾದ ತಲೆಯೇ ಆಗ ಅವನಲ್ಲಿ ಇರುವುದಿಲ್ಲ. ಅವನ ಮಾತಿನ ಧಾಟಿ ಬದಲಾಗಿದ್ದನ್ನು ವೈದ್ಯನಿಗಿಂತ ಮೊದಲು ಗುರುತಿಸುವವರು ಇಪ್ಪತ್ತು ವರ್ಷ ಆ ಮಾತು ಕೇಳಿದವರು. ನಾನು ಬೆಂಬಲವೆಂದು ಕರೆಯುವುದು ಇದನ್ನು, ಅಂದರೆ ಒಬ್ಬನ ವಿವೇಕವನ್ನು ಎರಡು ದಿನದ ಮಟ್ಟಿಗೆ ಇನ್ನೊಬ್ಬರು ಕಾದಿಡುವುದನ್ನು. 'ಓಡು' ಅನ್ನಲು ಯಾರಾದರೂ ಸಾಕು. 'ಸಾಕು, ಕೂತುಕೋ' ಎಂದರೆ ಕೇಳಿಸಿಕೊಳ್ಳುವಂತೆ ಹೇಳಬಲ್ಲವರು ಲೋಕದಲ್ಲಿ ಬೆರಳೆಣಿಕೆಯಷ್ಟು.

ಮೊರಾಕ್ಕೊದಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಮನೆಯವರ ಕೈಗೆ ಸಿಗುವುದು ನಕ್ಷೆಯ ಮೇಲೆ ಸರಿಯುವ ಒಂದು ಚುಕ್ಕೆ. ಓಟಗಾರನ ಚೀಲಕ್ಕೆ ಕಟ್ಟಿದ ಜಿಪಿಎಸ್ ಅದನ್ನು ಕಳಿಸುತ್ತಿರುತ್ತದೆ. ಚುಕ್ಕೆ ಮುಕ್ಕಾಲು ಗಂಟೆ ನಿಂತರೆ ಅವನು ಬೊಬ್ಬೆಗೆ ಪಟ್ಟಿ ಹಾಕಿಸಿಕೊಳ್ಳುತ್ತಿದ್ದಾನೋ, ಬಿದ್ದಿದ್ದಾನೋ ಚುಕ್ಕೆ ಹೇಳುವುದಿಲ್ಲ. ಇನ್ನೊಂದು ದಾರಿ ಕಾಗದ. ಮನೆಯವರು ಅಂತರ್ಜಾಲದಲ್ಲಿ ಬರೆದು ಕಳಿಸಿದ ನಾಲ್ಕು ಸಾಲನ್ನು ಶಿಬಿರದಲ್ಲಿ ಮುದ್ರಿಸಿ, ಸಂಜೆ ಗುಡಾರದಿಂದ ಗುಡಾರಕ್ಕೆ ಹಂಚಿಕೊಂಡು ಬರುವ ರೂಢಿ ಎಷ್ಟೋ ವರ್ಷ ನಡೆದಿದೆ. ಎಂಟು ಜನ ಒತ್ತಿಕೊಂಡು ಮಲಗುವ ಗುಡಾರ. ಪಾದ ಚಾಚಿ ಕೂತವರ ಕೈಗೆ ಮಡಿಸಿದ ಹಾಳೆಗಳು ಬರುತ್ತವೆ. ಕೆಲವರಿಗೆ ಹತ್ತು, ಒಬ್ಬನಿಗೆ ಒಂದೂ ಇಲ್ಲ. ಕಾಗದ ಕಾಲನ್ನು ಓಡಿಸುವುದಿಲ್ಲ, ಓಡುವುದು ಸ್ನಾಯು ಎಂದು ಯಾರಾದರೂ ಅಂದರೆ ನಾನು ಒಪ್ಪುತ್ತೇನೆ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಕೆಲವು ಕಾಗದಗಳು ಕೆಡುಕನ್ನೇ ಮಾಡಬಹುದು. ಊರೆಲ್ಲ ಚುಕ್ಕೆ ನೋಡುತ್ತಿದೆ, ಆಫೀಸಿನವರೆಲ್ಲ ಕಾಯುತ್ತಿದ್ದಾರೆ ಎಂದು ಬರೆದರೆ, ನಿಲ್ಲಲೇಬೇಕಾದ ಮನುಷ್ಯ ಮಾನಕ್ಕೆ ಅಂಜಿ ನಿಲ್ಲದೆ ಹೋಗುತ್ತಾನೆ. 2021ರಲ್ಲಿ ಓಟ ಏಪ್ರಿಲ್ ಬಿಟ್ಟು ಅಕ್ಟೋಬರ್‌ನಲ್ಲಿ ನಡೆದಾಗ ಬಿಸಿಲು ವಿಪರೀತವಾಗಿತ್ತು, ಒಬ್ಬ ಓಟಗಾರ ತೀರಿಕೊಂಡ, ಅರ್ಧದಲ್ಲೇ ಬಿಟ್ಟವರ ಸಂಖ್ಯೆಯೂ ದೊಡ್ಡದಿತ್ತು. ಬಿಟ್ಟು ಬಂದವರ ಮನೆಯಲ್ಲಿ ಅವರಿಗೆ ಎಂಥ ಸ್ವಾಗತ ಸಿಗುತ್ತದೆ ಎಂಬುದೂ ಬೆಂಬಲದ ಲೆಕ್ಕಕ್ಕೇ ಸೇರಬೇಕು.

ಒಂಟಿತನದ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಪುರಾವೆಯಾಗಬೇಕಾಗಿದ್ದ ಮನುಷ್ಯ ಮೌರೊ ಪ್ರೊಸ್ಪೆರಿ. ಇಟಲಿಯ ಪೊಲೀಸ್, ಪೆಂಟಾತ್ಲಾನ್ ಪಟು, ಮೂರು ಚಿಕ್ಕ ಮಕ್ಕಳ ತಂದೆ. 1994ರಲ್ಲಿ ಮೊರಾಕ್ಕೊದ ಇದೇ ಓಟದಲ್ಲಿ ಮರಳು ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿದ. ಒಂಬತ್ತು ದಿನ ಅಲೆದು ಗಡಿ ದಾಟಿ ಅಲ್ಜೀರಿಯಾ ಸೇರಿದ. ಪಾಳುಬಿದ್ದ ಸಂತನ ಗುಡಿಯೊಂದರಲ್ಲಿ ಆಶ್ರಯ ಪಡೆದು ಬಾವಲಿಗಳನ್ನು ತಿಂದ, ತನ್ನ ಮೂತ್ರವನ್ನೇ ಕುಡಿದ. ಹುಡುಕಲು ಬಂದ ವಿಮಾನ ಅವನನ್ನು ಕಾಣದೆ ಹೊರಟುಹೋಯಿತು. ಅವನಷ್ಟು ಒಂಟಿಯಾದ ಓಟಗಾರ ಇನ್ನೊಬ್ಬನಿರಲಾರ. ಆದರೆ ಮುಂದೆ ಅವನೇ ಹೇಳಿಕೊಂಡಂತೆ, ಆ ಗುಡಿಯಲ್ಲಿ ಅವನ ತಲೆಯಲ್ಲಿ ಓಡಿದ್ದು ಸಂಸಾರದ ಲೆಕ್ಕ: ಕಾಣೆಯಾದವನನ್ನು ಸತ್ತನೆಂದು ಘೋಷಿಸಲು ಇಟಲಿಯ ಕಾನೂನು ಹತ್ತು ವರ್ಷ ಕಾಯಿಸುತ್ತದೆ, ಇಲ್ಲೇ ಸತ್ತರೆ ದೇಹವಾದರೂ ಸಿಗುತ್ತದೆ, ಹೆಂಡತಿಗೆ ಜೀವನಕ್ಕೊಂದು ಆಧಾರವಾಗುತ್ತದೆ. ಇದ್ದಿಲಿನಿಂದ ಅವಳಿಗೊಂದು ಚೀಟಿ ಬರೆದ. ಸಾವು ಅವನನ್ನು ಒಯ್ಯಲಿಲ್ಲ, ಎದ್ದು ನಡೆದ. ಅತ್ತ ಅವನ ಸಹೋದರನೂ ಭಾವಮೈದುನನೂ ಮೊರಾಕ್ಕೊಗೆ ಬಂದು ಹುಡುಕುತ್ತಿದ್ದರು. ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಆಡು ಕಾಯುತ್ತಿದ್ದ ಹುಡುಗಿ. ಆಕೆಯ ಮನೆಯ ಹೆಂಗಸರು ಆಡಿನ ಹಾಲು ಕೊಟ್ಟರು. ಅವನು ಒಬ್ಬನೇ ಬದುಕುಳಿದ ಎಂದು ಹೇಳುವುದು ಸುಲಭ, ಸುಳ್ಳೂ ಅಲ್ಲ. ಆದರೆ ಕಥೆಯ ಎರಡೂ ತುದಿಯಲ್ಲಿ ಯಾವುದೋ ಒಂದು ಮನೆ ಕೂತಿದೆ. (ಇಷ್ಟಾದ ಮೇಲೂ ಅವನು ಮತ್ತೆ ಅದೇ ಓಟಕ್ಕೆ ಹೋದ. ಮನೆಯವರು ಏನೆಂದರೋ, ನಾವು ಊಹಿಸಿಕೊಳ್ಳಬಹುದು.)

ಗೆದ್ದವರ ಪಟ್ಟಿಯೂ ಬೇರೆ ಮಾತು ಹೇಳುವುದಿಲ್ಲ. ಮೊರಾಕ್ಕೊದ ಜಾಗೋರಾ ಕಡೆಯ ಅಲೆಮಾರಿ ಮನೆತನದ ಲಾಹ್ಸೆನ್ ಅಹನ್ಸಾಲ್ ಹತ್ತು ಸಲ ಗೆದ್ದವನು. ಇವನಿಗೆ ಯಾವ ಬೆಂಬಲಿಗರ ಪಡೆಯಿತ್ತು, ಮರಳೇ ಅವನ ಅಂಗಳವಲ್ಲವೆ ಎಂದು ಕೇಳಬಹುದು. ಹೌದು, ಅಂಗಳವೇ, ಅಂಗಳದಲ್ಲಿ ನಡೆಯಲು ಕಲಿಸುವವರು ಯಾರು? ಅವನಿಗೊಬ್ಬ ತಮ್ಮ, ಮೊಹಮದ್. 1997ರಿಂದ 2010ರವರೆಗೆ ಹದಿನಾಲ್ಕು ವರ್ಷ ಈ ಪ್ರಶಸ್ತಿ ಇವರಿಬ್ಬರ ಕೈ ಬಿಟ್ಟು ಹೊರಗೆ ಹೋಗಲೇ ಇಲ್ಲ. ಆನಂತರದ ದೊಡ್ಡ ಹೆಸರು ರಶೀದ್ ಎಲ್ ಮೊರಾಬಿಟಿ. ಅವನ ಬೆನ್ನಿಗೂ ಒಬ್ಬ ತಮ್ಮನಿದ್ದಾನೆ. ಇನ್ನು ಸಾಮಾನ್ಯ ಓಟಗಾರನ ಸ್ವಾವಲಂಬನೆಯ ಗುಡಾರವನ್ನು ಹಾಕುವವರು ಸ್ಥಳೀಯ ಕೆಲಸಗಾರರು. ಮುಂದಿನ ಶಿಬಿರಕ್ಕೆ ಸಾಗಿಸುವ ಅವಸರದಲ್ಲಿ ಬೆಳಗಾಗುತ್ತಲೇ ಬಂದು, ಒಳಗಿನವರು ಇನ್ನೂ ಕಾಲುಚೀಲ ಹುಡುಕುತ್ತಿರುವಾಗಲೇ, ಮಾಡನ್ನು ಎಳೆದುಕೊಂಡು ಹೋಗುತ್ತಾರೆ.

ಕೊನೆಯ ಆಕ್ಷೇಪ ನಿಜವಾಗಿಯೂ ತೂಕದ್ದು. ಪ್ರವೇಶ ಶುಲ್ಕವೇ ಮೂರು ಸಾವಿರ ಯೂರೋ ದಾಟುವ ಒಂದು ಶೋಕಿಗೆ ಮನೆಯವರೆಲ್ಲ ಯಾಕೆ ದುಡಿಯಬೇಕು? ನಮ್ಮ ಕಡೆ ಇದನ್ನೇ 'ಮನೇಲಿ ಏನಂದ್ರು?' ಎಂದು ಒಂದೇ ಮಾತಿನಲ್ಲಿ ಕೇಳಿ ಮುಗಿಸುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವವನು ನಾನಲ್ಲ, ಏಕೆಂದರೆ ನನ್ನ ವಾದ ನಿಂತಿರುವುದೇ ಅದರ ಮೇಲೆ. ಪಾಲು ಇದೆ ಎಂದು ಒಪ್ಪಿದರೆ ತಾನೆ ಅದು ನ್ಯಾಯವೋ ಅನ್ಯಾಯವೋ ಎಂದು ಕೇಳಲು ಬರುವುದು? ಪ್ರೀತಿಯಿಂದ ಕೊಟ್ಟಿದ್ದಕ್ಕೆ ಲೆಕ್ಕವೇಕೆ ಎಂಬ ಮಾತು ಕೊಡುವವರ ಬಾಯಲ್ಲಿ ಚಂದ, ಪಡೆದವರ ಬಾಯಲ್ಲಿ ಅಲ್ಲ. ನಾನು ನೋಡುವುದು ಎರಡೇ: 'ಈ ವರ್ಷ ಬೇಡ' ಎನ್ನುವ ಹಕ್ಕು ಮನೆಯಲ್ಲಿದ್ದವರಿಗೆ ಇತ್ತೇ, ಮತ್ತು ಅವರ ಹುಚ್ಚಿಗೂ ಒಂದು ಸರದಿ ಬರುತ್ತದೆಯೇ. ಈ ಎರಡನೆಯದು ಎಷ್ಟು ಕಡಿಮೆ ಬರುತ್ತದೆ ಎಂಬುದಕ್ಕೆ ಸಾಕ್ಷಿ ಓಟ ಹೊರಡುವ ಸಾಲಿನಲ್ಲೇ ಇದೆ. ಅಲ್ಲಿ ಹೆಂಗಸರು ಇಂದಿಗೂ ಗಂಡಸರಿಗಿಂತ ಬಹಳ ಕಡಿಮೆ. ಬಿಸಿಲು ತಡೆಯಲಾರರು, ದೂರ ತಾಳಲಾರರು ಎಂಬ ಕಾರಣ ಉಳಿದಿಲ್ಲ. 2002ರಲ್ಲಿ ಪ್ಯಾಮ್ ರೀಡ್ ಬ್ಯಾಡ್‌ವಾಟರನ್ನು ಗಂಡಸರನ್ನೂ ಹಿಂದೆ ಹಾಕಿ ಗೆದ್ದಳು, 2003ರಲ್ಲಿ ಮತ್ತೆ ಗೆದ್ದಳು. ಮಲಮಕ್ಕಳೂ ಸೇರಿ ಐದು ಮಕ್ಕಳ ತಾಯಿ. ಅವಳಿಗೆ ಕಾರಿನಲ್ಲಿ ಮುಂದೆ ಹೋಗಿ ಐಸ್ ಹಿಡಿದು ನಿಲ್ಲುವ ಜನ ಸಿಕ್ಕರು. ಸಿಗದವರು ಎಷ್ಟು ಮಂದಿ ಎಂದು ಯಾವ ಓಟದ ಫಲಿತಾಂಶ ಪಟ್ಟಿಯೂ ಹೇಳುವುದಿಲ್ಲ. ಹೊರಟವರ ಹೆಸರು ಮಾತ್ರ ಅದರಲ್ಲಿರುತ್ತದೆ. ಗಂಡ ಒಂದು ವಾರ ಮರುಭೂಮಿಗೆ ಹೋದರೆ ಹೆಂಡತಿ ಮನೆ ನೋಡಿಕೊಳ್ಳುತ್ತಾಳೆ ಎಂಬುದನ್ನು ಯಾರೂ ಬೇರೆಯಾಗಿ ಏರ್ಪಾಡು ಮಾಡಬೇಕಾಗಿಲ್ಲ. ಹೆಂಡತಿ ಹೊರಟರೆ ಫ್ರಿಜ್ಜಿನ ಬಾಗಿಲ ಮೇಲೆ ಏಳು ದಿನದ ಪಟ್ಟಿ ಅಂಟಿಸಿ ಹೋಗಬೇಕು: ಯಾವ ದಿನ ಯಾವ ಯೂನಿಫಾರ್ಮ್, ಮಾತ್ರೆ ಎಷ್ಟು ಹೊತ್ತಿಗೆ, ಹಾಲಿನವನಿಗೆ ಎಷ್ಟು ಕೊಡಬೇಕು. ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಶಿಳ್ಳೆ, ಕನ್ನಡಿ, ದಿಕ್ಸೂಚಿಗಳ ಜೊತೆ ಇದನ್ನೂ ಸೇರಿಸಬೇಕಾದ ಓಟಗಾರರು ಯಾರೆಂದು ಸಂಘಟಕರು ಒಮ್ಮೆ ಎಣಿಸಿ ನೋಡಲಿ.