ಅಗ್ನಿಶೇಷ

ನಾಲ್ಕು ವರ್ಷಗಳ ಹಿಂದೆ ನಮ್ಮ ಗೃಹಿಣಿಗೆ ಅರ್ಬುದ ರೋಗವು ತಲೆದೋರಲಾಗಿ, ವೈದ್ಯರು ಕೋಬಾಲ್ಟ್ ಕಿರಣಗಳ ಚಿಕಿತ್ಸೆಯನ್ನು ವಿಧಿಸಿದರು. ಚಿಕಿತ್ಸೆ ಮುಗಿದು ಆಕೆ ಮನೆಗೆ ಬಂದಾಗ ನಾವು ಮೊಮ್ಮಗಳನ್ನು ಅಜ್ಜಿಯ ಬಳಿ ಸುಳಿಯಗೊಡಲಿಲ್ಲ. ಕಿರಣವು ಮೈಯಲ್ಲಿ ಉಳಿದಿದ್ದು ಮಗುವಿಗೆ ತಗುಲೀತೆಂಬ ಭಯ. ಆಕೆ ಏನೂ ಹೇಳಲಿಲ್ಲ. ತನ್ನ ಲೋಟವನ್ನು ತಾನೇ ಬೇರೆ ಇಟ್ಟುಕೊಂಡಳು. ಮೂವತ್ತು ವರ್ಷ ಪಾಠ ಹೇಳಿದ ನಮ್ಮ ಅಜ್ಞಾನಕ್ಕೆ ಏನೆನ್ನೋಣ! ಕೇಳಿದಾಗ ವೈದ್ಯರು ನಕ್ಕು, "ಮೇಷ್ಟ್ರೇ, ದೀಪವನ್ನು ಮುಚ್ಚಿದ ಮೇಲೆ ಬೆಳಕು ಗೋಡೆಯಲ್ಲಿ ಉಳಿಯುತ್ತದೆಯೇ? ಶೇಷವಿರುವುದು ರೋಗಿಯಲ್ಲಲ್ಲ, ಯಂತ್ರದ ಗರ್ಭದಲ್ಲಿ" ಎಂದರು. ಅಂದೇ ಮೊಮ್ಮಗಳು ಅಜ್ಜಿಯ ತೊಡೆಯೇರಿದಳು.

ಸಾಲ, ಬೆಂಕಿ, ಹಗೆ ಇವುಗಳ ಶೇಷವನ್ನು ಉಳಿಸಬಾರದೆಂಬುದು ಹಿರಿಯರ ಮಾತು. ಯಂತ್ರಗರ್ಭದ ಬೆಂಕಿಯನ್ನು ಉಳಿಸಿದರೆ ಏನಾಗುವುದೆಂಬುದನ್ನು ಬ್ರೆಜಿಲ್ ದೇಶದ ಗೊಯಾನಿಯಾ ನಗರವು 1987ರಲ್ಲಿ ಕಂಡಿತು. ಅಲ್ಲಿ ಒಂದು ಚಿಕಿತ್ಸಾಲಯದವರು ಬೇರೆಡೆಗೆ ಹೋಗುವಾಗ ಹಳೆಯ ಯಂತ್ರವನ್ನು ಪಾಳುಗಟ್ಟಡದಲ್ಲಿಯೇ ಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಇಬ್ಬರು ಅದರ ಭಾಗವನ್ನು ಕಿತ್ತು ಗುಜರಿಯವನಿಗೆ ಮಾರಿದರು. ಒಳಗಿದ್ದುದು ಸುಮಾರು 93 ಗ್ರಾಂ ಸೀಸಿಯಂ ಲವಣ. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಅವನು ಅಪೂರ್ವ ವಸ್ತುವೆಂದೆಣಿಸಿ ಬಂಧುಮಿತ್ರರಿಗೆ ಹಂಚಿದನು. ಉಪ್ಪಿನಂತೆ ಕರಗುವ ಆ ಪದಾರ್ಥವು ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟಿತು. ಆರು ವರ್ಷದ ಬಾಲೆಯೊಬ್ಬಳು ಪುಡಿ ಹತ್ತಿದ ಕೈಯಿಂದಲೇ ತಿಂಡಿ ತಿಂದಳು.

ಮನೆಮಂದಿಯೆಲ್ಲ ಕಾಯಿಲೆ ಬೀಳುವುದನ್ನು ನೋಡಿ, ಆ ವಸ್ತುವೇ ಕಾರಣವೆಂದು ಶಂಕಿಸಿದವಳು ಗುಜರಿಯವನ ಹೆಂಡತಿ. ಅದನ್ನು ಚೀಲದಲ್ಲಿಡಿಸಿ ಬಸ್ಸಿನಲ್ಲಿ ಆರೋಗ್ಯದ ಕಚೇರಿಗೆ ಒಯ್ದಳು. ಅದರಿಂದಲೇ ಊರು ಎಚ್ಚೆತ್ತಿತು. ಒಂದು ಲಕ್ಷಕ್ಕೂ ಮಿಕ್ಕ ಜನರ ಪರೀಕ್ಷೆಯಾಗಿ, 249 ಮಂದಿಗೆ ವಿಕಿರಣದ ಧೂಳು ಅಂಟಿದ್ದುದು ತಿಳಿಯಿತು. ಸತ್ತ ನಾಲ್ವರಲ್ಲಿ ಆ ಗೃಹಿಣಿಯೂ ಆ ಬಾಲೆಯೂ ಸೇರಿದ್ದರು.

ಈ ಸೀಸಿಯಂ 30 ವರ್ಷಕ್ಕೆ ಅರ್ಧವಾಗುತ್ತದೆ. ಸಾವಿರದಲ್ಲೊಂದು ಪಾಲಾಗಬೇಕಾದರೆ ಮುನ್ನೂರು ವರ್ಷ ಹಿಡಿಯುವುದು. ಬಗೆದ ಮಣ್ಣನ್ನೂ ಮನೆಯ ಸಾಮಾನನ್ನೂ ಊರಿನ ಸಮೀಪದಲ್ಲಿ ಹೂತಿಟ್ಟು ಕಾಯುತ್ತಿದ್ದಾರೆ. ನಮ್ಮ ದೇಶದಲ್ಲಿಯೂ 2010ರಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಬಂದ ಹಳೆಯ ಪ್ರಯೋಗಯಂತ್ರದ ಕೋಬಾಲ್ಟಿನಿಂದ ಒಬ್ಬನು ಪ್ರಾಣ ಬಿಟ್ಟನು.

ಗುಜರಿಯವನನ್ನು ಮೂಢನೆನ್ನಲು ನಮಗೆ ಬಾಯಿಲ್ಲ. ತಿಳಿದವರು ಬಿಟ್ಟುಹೋದುದನ್ನು ತಿಳಿಯದವರು ಎತ್ತಿಕೊಂಡರು, ಅಷ್ಟೆ. ಶಾಲೆಯಲ್ಲಿ ನಾವು ಶಬ್ದರೂಪಗಳನ್ನು ಕಲಿಸಿದೆವು. ಹಳದಿಯ ಮೇಲಿನ ಮೂರು ದಳಗಳ ಆ ಅಪಾಯದ ಗುರುತನ್ನು ಕಲಿಸಲಿಲ್ಲ. ಈಗ ಅದನ್ನು ಮೊಮ್ಮಗಳ ಸ್ಲೇಟಿನಲ್ಲಿ ಬರೆದು, "ಇದನ್ನು ಕಂಡರೆ ಮುಟ್ಟಬೇಡ, ದೂರ ಸರಿದು ದೊಡ್ಡವರಿಗೆ ಹೇಳು" ಎಂದೆವು. "ಅಜ್ಜಿಯನ್ನು ಮುಟ್ಟಬಹುದಲ್ಲವೇ, ತಾತ?" ಎಂದು ಕೇಳಿತು ಮಗು. ಒಳಗೆ ಹೂ ಕಟ್ಟುತ್ತಿದ್ದ ಆಕೆ ನಕ್ಕಳು. ನಾವು ತಲೆ ತಗ್ಗಿಸಿದೆವು.